ಒಂದೇ ಗಂಟೆಗೆ ಎರಡು ಲೆಕ್ಕ: ಕೂಲಿಯ ಕಾನೂನು, ಕರೆಂಟಿನ ಪರವಾನಗಿ

ಕ್ಯಾಲಿಫೋರ್ನಿಯಾದಲ್ಲಿ ಕೂಲಿ ಕೊಡದ ಮಾಲೀಕನ ಮೇಲೆ ಕೆಲಸಗಾರ ದೂರು ಕೊಟ್ಟರೆ ಹೆಚ್ಚೆಂದರೆ 135 ದಿನಗಳಲ್ಲಿ ಅದು ಇತ್ಯರ್ಥವಾಗಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಆ ರಾಜ್ಯದ ಲೆಕ್ಕಪರಿಶೋಧಕರು 2024ರ ಮೇ ತಿಂಗಳಲ್ಲಿ ಹೊರತಂದ ವರದಿ ನೋಡಿದರೆ, ಇಂಥ ದೂರುಗಳು ಎರಡು ವರ್ಷ ದಾಟಿಯೂ ಕಡತದಲ್ಲೇ ಮಲಗಿರುವುದು ಸಾಮಾನ್ಯ. 2017-18ರ ಕೊನೆಗೆ 22,000 ಇದ್ದ ಬಾಕಿ ದೂರುಗಳು 2022-23ರ ಕೊನೆಗೆ 47,000 ಮುಟ್ಟಿದ್ದವು. ಕಚೇರಿಯ ಹುದ್ದೆಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಖಾಲಿ. ಅಷ್ಟೆಲ್ಲ ಕಾದು, ವಿಚಾರಣೆ ಮುಗಿದು, ತೀರ್ಪು ಕೆಲಸಗಾರನ ಪರವಾಗಿ ಬಂದು, ವಸೂಲಿ ವಿಭಾಗಕ್ಕೆ ಹೋದ ಮೇಲೂ ಪೂರ್ತಿ ಹಣ ವಸೂಲಾದದ್ದು ನೂರಕ್ಕೆ ಸುಮಾರು 12 ಪ್ರಕರಣಗಳಲ್ಲಿ ಮಾತ್ರ. ಅಮೆರಿಕದಲ್ಲೇ ಬಿಗಿಯಾದ ಕಾರ್ಮಿಕ ಕಾನೂನುಗಳಿಗೆ ಹೆಸರಾದ ರಾಜ್ಯದ ಸ್ಥಿತಿ ಇದು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕೂಲಿಯ ದೂರು ಕೇಳುವ ಇದೇ ಕಾರ್ಮಿಕ ಆಯುಕ್ತರ ಇಲಾಖೆ ಅಲ್ಲಿನ ಎಲೆಕ್ಟ್ರಿಷಿಯನ್‌ಗಳಿಗೆ ಪ್ರಮಾಣಪತ್ರವನ್ನೂ ಕೊಡುತ್ತದೆ. ಒಂದು ಕೆಲಸದಲ್ಲಿ ಅದು ನಡೆದುಹೋದ ಅನ್ಯಾಯದ ಬೆನ್ನು ಹತ್ತಿ ಓಡುತ್ತದೆ, ಇನ್ನೊಂದರಲ್ಲಿ ಕೆಲಸ ಶುರುವಾಗುವ ಮೊದಲೇ ಬಾಗಿಲಲ್ಲಿ ನಿಂತು ಕೇಳುತ್ತದೆ. ಅಮೆರಿಕದ ರಾಜ್ಯಗಳು ಕಳೆದ ಎರಡು ದಶಕಗಳಲ್ಲಿ ಈ ಎರಡೂ ಕ್ಷೇತ್ರಗಳಲ್ಲಿ ತಂದ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ದಂಡ ಹೆಚ್ಚಿಸಿದ್ದರಿಂದ ಕೂಲಿಯ ಕಾನೂನು ಬಲವಾಗಲಿಲ್ಲ. ಗುತ್ತಿಗೆದಾರನ ಪರವಾನಗಿಗೂ ಕೂಲಿಗೂ ಗಂಟು ಹಾಕಿದ ಕಡೆ ಮಾತ್ರ ಅದಕ್ಕೆ ಹಿಡಿತ ಸಿಕ್ಕಿತು.

ವಿದ್ಯುತ್ತಿನ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕೊಂಚ ಹತ್ತಿರದಿಂದ ನೋಡಬೇಕು. ಮಿನ್ನೆಸೋಟದಲ್ಲಿ ಒಂದು ಮನೆ ಕಟ್ಟುತ್ತಾರೆ ಎಂದುಕೊಳ್ಳೋಣ. ಮರದ ಚೌಕಟ್ಟು ಎದ್ದಿದೆ, ವೈರಿಂಗ್ ಆಗಿದೆ, ಆದರೆ ಗೋಡೆಯ ಹಲಗೆ ಇನ್ನೂ ಹೊಡೆದಿಲ್ಲ. ಆ ಹಂತದಲ್ಲಿ ಇನ್‌ಸ್ಪೆಕ್ಟರ್ ಬರಬೇಕು. ಕೇಬಲ್ಲನ್ನು ನಾಲ್ಕೂವರೆ ಅಡಿಗೊಂದು ಕಡೆ, ಪೆಟ್ಟಿಗೆಯಿಂದ 12 ಇಂಚಿನೊಳಗೆ ಇನ್ನೊಂದು ಕಡೆ ಬಿಗಿದಿದ್ದಾರೆಯೇ, ಕಂಬಕ್ಕೆ ಕೊರೆದ ತೂತು ಅಂಚಿನಿಂದ ಒಂದೂಕಾಲು ಇಂಚಿಗಿಂತ ಹತ್ತಿರವಿದ್ದರೆ ಅಲ್ಲಿ ಉಕ್ಕಿನ ತಗಡು ಹೊಡೆದಿದ್ದಾರೆಯೇ, ಅರ್ಥಿಂಗ್ ತಂತಿ ಕೂಡಿಸಿದ್ದಾರೆಯೇ ಎಂದು ನೋಡುತ್ತಾನೆ. ತಗಡು ಯಾಕೆಂದರೆ ನಾಳೆ ಯಾರೋ ಫೋಟೋ ತೂಗುಹಾಕಲು ಹೊಡೆಯುವ ಮೊಳೆ ನೇರ ವೈರಿಗೆ ಇಳಿಯಬಾರದು. ಅವನು ಒಪ್ಪುವವರೆಗೆ ಗೋಡೆ ಮುಚ್ಚುವಂತಿಲ್ಲ. ಮುಚ್ಚಿದರೆ ಒಡೆಸಿ ನೋಡುವ ಅಧಿಕಾರ ಅವನಿಗಿದೆ. ಈ ಅಳತೆಗಳೆಲ್ಲ 1897ರಲ್ಲಿ ಮೊದಲು ಬಂದ, ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕಾರವಾಗುವ ರಾಷ್ಟ್ರೀಯ ವಿದ್ಯುತ್ ಸಂಹಿತೆಯವು. ಅದಕ್ಕೆ ಕಾನೂನಿನ ಬಲ ಕೊಡುವುದು ಒಂದೊಂದು ರಾಜ್ಯದ ಕೆಲಸ. 2023ರ ಆವೃತ್ತಿಯನ್ನು ಮಿನ್ನೆಸೋಟ ಅದೇ ವರ್ಷದ ಜುಲೈ 1ಕ್ಕೆ ಜಾರಿಗೆ ತಂದಿತು. ಇಡೀ ವ್ಯವಸ್ಥೆಯ ಬಲ ಇರುವುದು ಸಮಯದ ಆಯ್ಕೆಯಲ್ಲಿ: ತಪ್ಪು ಕಣ್ಣಿಗೆ ಕಾಣುವ ಹೊತ್ತಿನಲ್ಲಿ, ಅದನ್ನು ತಿದ್ದಲು ಕಡಿಮೆ ಖರ್ಚಾಗುವ ಹೊತ್ತಿನಲ್ಲಿ ಅಧಿಕಾರಿ ಅಲ್ಲಿರುತ್ತಾನೆ. ಕೂಲಿಯ ಕಾನೂನಿನಲ್ಲಿ ಅಧಿಕಾರಿ ಬರುವುದು ಕಟ್ಟಡ ಮುಗಿದು, ಬಣ್ಣ ಬಳಿದು, ಗುತ್ತಿಗೆದಾರ ಕಂಪನಿಯ ಹೆಸರು ಬದಲಿಸಿಕೊಂಡ ಮೇಲೆ.

ಎರಡು ಕಾನೂನುಗಳಿಗೂ ಸಾಮಾನ್ಯವಾದ ಒಂದು ವಸ್ತುವಿದೆ, ಅದು ದುಡಿದ ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಎಲೆಕ್ಟ್ರಿಷಿಯನ್ ಪ್ರಮಾಣಪತ್ರದ ಪರೀಕ್ಷೆಗೆ ಕೂರಲು 8,000 ಗಂಟೆಗಳ ಅನುಭವ ಬೇಕು, ಮನೆಗಳ ವೈರಿಂಗ್‌ಗೆ ಸೀಮಿತವಾದ ದರ್ಜೆಗೆ 4,800. ವಾಷಿಂಗ್ಟನ್ ರಾಜ್ಯದಲ್ಲೂ ಜರ್ನಿಮನ್, ಅಂದರೆ ಕಲಿಕೆ ಮುಗಿಸಿದ ಪೂರ್ಣ ಎಲೆಕ್ಟ್ರಿಷಿಯನ್ ದರ್ಜೆಗೆ 8,000. ಮಿನ್ನೆಸೋಟದಲ್ಲಿ ಒಬ್ಬ ಪರವಾನಗಿದಾರನ ಕೈಕೆಳಗೆ ಪರವಾನಗಿ ಇಲ್ಲದ ಇಬ್ಬರಿಗಿಂತ ಹೆಚ್ಚು ಜನ ಕೆಲಸ ಮಾಡುವಂತಿಲ್ಲ. ಆ ಇಬ್ಬರೂ ಇಲಾಖೆಯಲ್ಲಿ ಹೆಸರು ನೋಂದಾಯಿಸಿರಬೇಕು. ಈ ಗಂಟೆಗಳನ್ನು ಸಾಬೀತು ಮಾಡುವುದು ಮಾಲೀಕ ಕೊಡುವ ದಾಖಲೆ. ಕೂಲಿ ಲೆಕ್ಕ ಹಾಕುವುದೂ ಅದೇ ಗಂಟೆಗಳ ಮೇಲೆಯೇ. ಆದ್ದರಿಂದ ಗುತ್ತಿಗೆದಾರ ಹುಡುಗನೊಬ್ಬನನ್ನು ಲೆಕ್ಕಪುಸ್ತಕದ ಹೊರಗಿಟ್ಟು ಕೈಯಲ್ಲಿ ನಗದು ತುರುಕಿ ದುಡಿಸಿಕೊಂಡರೆ, ಅಥವಾ ನೌಕರನೇ ಅಲ್ಲ, ಸ್ವತಂತ್ರ ಗುತ್ತಿಗೆದಾರ ಎಂದು ಕಾಗದದಲ್ಲಿ ಬರೆದುಕೊಂಡರೆ, ಹುಡುಗನಿಗೆ ಆಗುವ ನಷ್ಟ ಎರಡು ಬಗೆಯದು. ಓವರ್‌ಟೈಮ್ ಹೋಗುತ್ತದೆ, ಅದು ಕಣ್ಣಿಗೆ ಕಾಣುವ ನಷ್ಟ. ನಾಲ್ಕು ವರ್ಷ ಏಣಿ ಹತ್ತಿ ಇಳಿದು ಕಲಿತ ಕಸುಬು ದಾಖಲೆಯಲ್ಲಿ ಸೊನ್ನೆಯಾಗಿ ಉಳಿದು ಪರೀಕ್ಷೆಯ ಬಾಗಿಲೂ ಮುಚ್ಚುತ್ತದೆ. ಈ ಎರಡನೆಯ ನಷ್ಟಕ್ಕೆ ಯಾವ ಕಾನೂನಿನಲ್ಲೂ ಪರಿಹಾರದ ಮೊತ್ತ ಬರೆದಿಲ್ಲ, ಜೀವಮಾನದ ಸಂಪಾದನೆಯ ಮೇಲೆ ಹೆಚ್ಚು ಹೊಡೆತ ಬೀಳುವುದು ಇದರಿಂದಲೇ. ವಾಷಿಂಗ್ಟನ್ನಿನ ಏರ್ಪಾಡು ಈ ದೃಷ್ಟಿಯಿಂದ ಬೇರೆ ರಾಜ್ಯಗಳಿಗಿಂತ ಮುಂದಿದೆ. ಅಲ್ಲಿ ವಿದ್ಯುತ್ ಪರವಾನಗಿ, ವೈರಿಂಗ್ ತಪಾಸಣೆ, ಕೂಲಿಯ ದೂರು, ಕೆಲಸದ ಅಪಘಾತಕ್ಕೆ ರಾಜ್ಯವೇ ನಡೆಸುವ ವಿಮೆ ಎಲ್ಲವೂ ಒಂದೇ ಇಲಾಖೆಯಲ್ಲಿವೆ. ವಿಮೆಯ ಕಂತನ್ನು ಮಾಲೀಕರು ಕೆಲಸಗಾರರು ದುಡಿದ ಗಂಟೆಗಳ ಮೇಲೆ ಲೆಕ್ಕ ಹಾಕಿ ಮೂರು ತಿಂಗಳಿಗೊಮ್ಮೆ ತುಂಬುತ್ತಾರೆ. ವಿಮೆಗೆ ಕಡಿಮೆ ಗಂಟೆ ತೋರಿಸಿ, ಪರವಾನಗಿಗೆ ಹೆಚ್ಚು ಗಂಟೆ ಬರೆದುಕೊಟ್ಟರೆ ಎರಡು ಸುಳ್ಳುಗಳೂ ಒಂದೇ ಸೂರಿನಡಿ ಮುಖಾಮುಖಿಯಾಗುತ್ತವೆ.

ಇನ್ನು ಕೂಲಿಯ ಜಾರಿಗೆ ರಾಜ್ಯಗಳು ತಂದ ಕಾನೂನುಗಳ ಸರಣಿ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ, ಇಡೀ ದೇಶಕ್ಕೆ ಅದರ ಕೂಲಿ ತನಿಖಾಧಿಕಾರಿಗಳು ಸಾವಿರವೂ ಇಲ್ಲ. ಹೀಗಾಗಿ ಭಾರವೆಲ್ಲ ರಾಜ್ಯಗಳ ಮೇಲೆ ಬಿತ್ತು. ಕ್ಯಾಲಿಫೋರ್ನಿಯಾ 2003ರಲ್ಲಿ ಒಂದು ಅಸಾಮಾನ್ಯ ದಾರಿ ಹಿಡಿಯಿತು: ಸರ್ಕಾರದ ಕೈಯಲ್ಲಿ ಆಗದಿದ್ದರೆ ಸರ್ಕಾರದ ಪರವಾಗಿ ಕೆಲಸಗಾರನೇ ಮೊಕದ್ದಮೆ ಹೂಡಲಿ, ಬಂದ ದಂಡದಲ್ಲಿ 75 ಭಾಗ ಸರ್ಕಾರಕ್ಕೆ, 25 ಭಾಗ ಕೆಲಸಗಾರರಿಗೆ. ಈ ಕಾನೂನು ವಕೀಲರಿಗೆ ಹಬ್ಬವಾಯಿತು ಎಂದು ಉದ್ಯಮಿಗಳು ಇಪ್ಪತ್ತು ವರ್ಷ ದೂರಿದರು. 2024ರ ಜುಲೈಯಲ್ಲಿ ರಾಜಿಯಾಯಿತು: ಪಾಲು 65 ಮತ್ತು 35 ಆಯಿತು, ನೋಟಿಸ್ ಬರುವ ಮೊದಲೇ ತನ್ನ ಲೆಕ್ಕಪತ್ರ ತಪಾಸಣೆ ಮಾಡಿಸಿ ಸರಿಪಡಿಸಿಕೊಂಡ ಮಾಲೀಕನಿಗೆ ದಂಡ ಶೇಕಡಾ 15ರ ಮೇಲೆ ಹೋಗದಂತೆ ಮಿತಿ ಬಂತು. ಮಿನ್ನೆಸೋಟ 2019ರಲ್ಲಿ ಕೂಲಿ ನುಂಗುವುದನ್ನು ಕಳ್ಳತನವೆಂದೇ ಕರೆಯಿತು, ಮೊತ್ತ 35,000 ಡಾಲರ್ ಮೀರಿದರೆ 20 ವರ್ಷದವರೆಗೆ ಸಜೆ. ಕ್ಯಾಲಿಫೋರ್ನಿಯಾ 2023ರಲ್ಲಿ ಜಿಲ್ಲೆ, ನಗರಗಳ ಸರ್ಕಾರಿ ವಕೀಲರಿಗೂ ಕೂಲಿಯ ಕಾನೂನು ಜಾರಿ ಮಾಡುವ ಅಧಿಕಾರ ಹಂಚಿತು. 2025ರಲ್ಲಿ, ತೀರ್ಪು ಬಂದು 180 ದಿನ ಕಳೆದರೂ ಕೂಲಿ ಕಟ್ಟದವನಿಗೆ ಬಾಕಿಯ ಮೂರು ಪಟ್ಟಿನವರೆಗೆ ದಂಡ ಎಂದಿತು. ಒಂದೊಂದೂ ಒಳ್ಳೆಯ ಉದ್ದೇಶದ ಕಾನೂನೇ. ಆದರೆ 100 ರೂಪಾಯಿ ಕೊಡದವನಿಗೆ 300 ಕೊಡು ಎಂದು ಆಜ್ಞೆ ಮಾಡಿದರೆ, ಕೊಡದಿರಲು ಅವನಿಗೆ ಇನ್ನಷ್ಟು ಕಾರಣ ಸಿಕ್ಕಂತಾಯಿತೇ ಹೊರತು ಕೆಲಸಗಾರನ ಕೈಗೆ ಕಾಸು ಬರಲಿಲ್ಲ. ತಪ್ಪು ಮಾಡುವವರಲ್ಲಿ ಬಹಳಷ್ಟು ಜನ ಬ್ಯಾಂಕಿನಲ್ಲಿ ಹಣವಿಲ್ಲದ, ಇಂದು ಇದ್ದು ನಾಳೆ ಇಲ್ಲದ ಉಪಗುತ್ತಿಗೆದಾರರು.

ಹಣದ ಬದಲು ಹಕ್ಕಿನ ಮೇಲೆ ಕೈಯಿಟ್ಟ ಕಾನೂನುಗಳು ಬೇರೆ ಬಗೆಯವು. ಕ್ಯಾಲಿಫೋರ್ನಿಯಾದ 2015ರ ಕಾನೂನು ಕೂಲಿಯ ತೀರ್ಪಿನ ಹಣ ಕಟ್ಟದ ಮಾಲೀಕ ವ್ಯವಹಾರ ಮುಂದುವರಿಸಬೇಕಾದರೆ 1,50,000 ಡಾಲರಿನವರೆಗೆ ಜಾಮೀನು ಬಾಂಡ್ ಇಡಬೇಕು ಎಂದಿತು. ಪ್ರತಿ ಕಟ್ಟಡ ಗುತ್ತಿಗೆದಾರನೂ ಪರವಾನಗಿಗಾಗಿ ಇಡಬೇಕಾದ ಬಾಂಡನ್ನು 2023ರ ಜನವರಿಯಿಂದ 15,000ದಿಂದ 25,000 ಡಾಲರಿಗೆ ಏರಿಸಲಾಯಿತು, ಕೂಲಿ ಸಿಗದವರೂ ಅದರ ಮೇಲೆ ಹಕ್ಕು ಕೇಳಬಹುದು. 2018ರಿಂದ ಅಲ್ಲಿ ಉಪಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೇಲಿನ ಮುಖ್ಯ ಗುತ್ತಿಗೆದಾರ ಹೊಣೆ, ಮಿನ್ನೆಸೋಟ 2023ರಲ್ಲಿ ಇದನ್ನೇ ಅನುಸರಿಸಿತು. ಮರುವರ್ಷ ಅದು ಕಟ್ಟಡ ಕೆಲಸದಲ್ಲಿ ನೌಕರನನ್ನು ಸ್ವತಂತ್ರ ಗುತ್ತಿಗೆದಾರನೆಂದು ತೋರಿಸುವ ಪ್ರತಿ ತಪ್ಪಿಗೆ 10,000 ಡಾಲರಿನವರೆಗೆ ದಂಡ ಇಟ್ಟಿತು, ಕಂಪನಿಯ ಹಿಂದೆ ಅವಿತ ವ್ಯಕ್ತಿಯನ್ನೂ ಹೊಣೆ ಮಾಡಿತು. ಇವುಗಳಲ್ಲಿ ಮುಖ್ಯ ಗುತ್ತಿಗೆದಾರನ ಹೊಣೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂಬುದು ನನ್ನ ಎಣಿಕೆ. ಕೆಳಗಿನವನ ಕೂಲಿ ಪಟ್ಟಿಯನ್ನು ತಾನೇ ಕೇಳಿ ನೋಡುವ ಗರಜು ಅವನಿಗೆ ಬರುತ್ತದೆ, ಸರ್ಕಾರ ನೇಮಿಸಲಾರದ ಸಾವಿರಾರು ತಪಾಸಕರು ಹಾಗೆ ಹುಟ್ಟಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಸಂಬಳ ಚೀಟಿಯಲ್ಲಿ ದುಡಿದ ಗಂಟೆ, ದರ, ಕಡಿತ ಸೇರಿ ಒಂಬತ್ತು ವಿವರ ಇರಲೇಬೇಕು. ಹಿಂದೆ ಕೆಲಸಗಾರ ಮಾತ್ರ ನೋಡುತ್ತಿದ್ದ ಆ ವಿವರಗಳನ್ನು ಈಗ ಮುಖ್ಯ ಗುತ್ತಿಗೆದಾರ ಬಿಲ್ ಪಾಸು ಮಾಡುವ ಮುನ್ನವೇ ಕೇಳಬಲ್ಲ. ಗೋಡೆ ಮುಚ್ಚುವ ಮೊದಲಿನ ತಪಾಸಣೆಗೆ ಕೂಲಿಯ ಕಾನೂನು ಇಷ್ಟು ಹತ್ತಿರ ಬಂದದ್ದು ಇಲ್ಲಿ ಮಾತ್ರ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಅರ್ಥಶಾಸ್ತ್ರಜ್ಞರದು. ಪರವಾನಗಿ ಎಂಬುದೇ ಒಳಗಿನವರು ಹೊರಗಿನವರನ್ನು ತಡೆಯಲು ಕಟ್ಟಿಕೊಂಡ ಬೇಲಿ ಎಂದು ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ವಾದಿಸಿದ್ದರು. ಅಲನ್ ಕ್ರೂಗರ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರಿಸ್ ಕ್ಲೈನರ್ ಮಾಡಿದ ಅಧ್ಯಯನದ ಪ್ರಕಾರ 1950ರ ದಶಕದ ಆರಂಭದಲ್ಲಿ ಅಮೆರಿಕದ ದುಡಿಯುವವರಲ್ಲಿ ನೂರಕ್ಕೆ ಐದು ಜನರಿಗೂ ಬೇಡವಾಗಿದ್ದ ಪರವಾನಗಿ 2008ರ ಹೊತ್ತಿಗೆ 29 ಜನರಿಗೆ ಬೇಕಾಗಿತ್ತು. ಇನ್ನೂ ಚುಚ್ಚುವ ಸಾಕ್ಷ್ಯ ಕ್ಲೈನರ್ ಮತ್ತೊಬ್ಬರ ಜೊತೆ 2014ರಲ್ಲಿ ಪ್ರಕಟಿಸಿದ, ಎಲೆಕ್ಟ್ರಿಷಿಯನ್‌ಗಳನ್ನೇ ಕುರಿತ ಅಧ್ಯಯನದಲ್ಲಿದೆ. 1992ರಿಂದ 2007ರವರೆಗಿನ ಅಂಕಿಅಂಶ ನೋಡಿದ ಅವರಿಗೆ, ಪರವಾನಗಿ ಬಿಗಿಯಾದ ರಾಜ್ಯಗಳಲ್ಲಿ ಎಲೆಕ್ಟ್ರಿಷಿಯನ್‌ಗಳ ಕೂಲಿ ಹೆಚ್ಚಾಗಿದ್ದುದು ಕಂಡಿತು. ಗಾಯ, ಸಾವು ಕಡಿಮೆಯಾದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಆ ಅಧ್ಯಯನ ಅಳೆದದ್ದು ಎಲೆಕ್ಟ್ರಿಷಿಯನ್‌ಗೆ ಆಗುವ ಅಪಾಯವನ್ನು. ಗೋಡೆಯೊಳಗಿನ ಕೆಟ್ಟ ಜೋಡಣೆ ಹತ್ತು ವರ್ಷದ ಮೇಲೆ ಬೆಂಕಿಯಾಗಿ, ವೈರ್ ಎಳೆದವನ ಮುಖವನ್ನೇ ನೋಡದ ಸಂಸಾರದ ಮೇಲೆ ಬೀಳುವುದು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಕಾನೂನು ಪುಸ್ತಕದಲ್ಲಿರುವ ಬಿಗಿಯೂ ಸ್ಥಳದಲ್ಲಿ ನಡೆಯುವ ತಪಾಸಣೆಯೂ ಒಂದೇ ಅಲ್ಲ. ನನ್ನ ವಾದಕ್ಕೆ ಆ ಅಧ್ಯಯನ ಒಂದು ರೀತಿಯಲ್ಲಿ ನೆರವೇ ಆಗುತ್ತದೆ: ಕಿಸೆಯಲ್ಲಿರುವ ಕಾರ್ಡು ತಾನಾಗಿ ಯಾರನ್ನೂ ಕಾಪಾಡುವುದಿಲ್ಲ, ಕಾರ್ಡಿನ ಬೆನ್ನಿಗೆ ನಿಂತ ತಪಾಸಣೆ ಕಾಪಾಡುತ್ತದೆ. ಬೇಲಿಯ ದೂರು ನಿಜವಾಗುವ ಕಡೆಗಳೂ ಇವೆ. ವಾಷಿಂಗ್ಟನ್ 2018ರಲ್ಲಿ ಮಾಡಿದ ಕಾನೂನಿನಂತೆ, 2023ರ ಜುಲೈ ನಂತರ ಜರ್ನಿಮನ್ ಪ್ರಮಾಣಪತ್ರಕ್ಕೆ ಬರಿಯ ಗಂಟೆಗಳು ಸಾಲವು, ನೋಂದಾಯಿತ ಅಪ್ರೆಂಟಿಸ್ ತರಬೇತಿಯನ್ನೇ ಮುಗಿಸಿರಬೇಕು. ತರಬೇತಿಯಲ್ಲಿ ಗಂಟೆಯೂ ಕೂಲಿಯ ಏರಿಕೆಯೂ ದಾಖಲಾಗುತ್ತವೆ, ಅದು ಒಳ್ಳೆಯದು. ಆದರೆ ತರಬೇತಿಯ ಸೀಟುಗಳು ದೊಡ್ಡ ನಗರಗಳ ಸುತ್ತ ಕೂಡಿಕೊಂಡರೆ ದೂರದ ಊರಿನ ಹುಡುಗ, ಹುಡುಗಿಯರಿಗೆ ಅದು ಬೇಲಿಯೇ. ಸೀಟು ಹೆಚ್ಚಿಸದೆ ಷರತ್ತು ಮಾತ್ರ ಹೆಚ್ಚಿಸುವ ರಾಜ್ಯ ಫ್ರೀಡ್‌ಮನ್‌ರ ಮಾತನ್ನು ನಿಜ ಮಾಡುತ್ತದೆ.

ಎರಡನೆಯ ಆಕ್ಷೇಪ ಕೆಲಸಗಾರರ ಕಡೆಯಿಂದಲೇ ಬರುತ್ತದೆ: ಗುತ್ತಿಗೆದಾರನ ಪರವಾನಗಿ ಕಿತ್ತುಕೊಂಡರೆ ಅವನ ಕೈಕೆಳಗಿನ ಹತ್ತು ಜನರ ಅನ್ನವೂ ಹೋಯಿತಲ್ಲ? ಮಾತು ಸರಿ. ಹಾಗೆಂದೇ ಪರವಾನಗಿ ರದ್ದು ಮಾಡುವುದು ಕೊನೆಯ ಅಸ್ತ್ರವಾಗಿರಬೇಕು. ಬಾಂಡ್, ಮೇಲಿನವನ ಹೊಣೆ, ನವೀಕರಣದ ಹೊತ್ತಿಗೆ ಬಾಕಿ ತೀರಿಸಿದ ರುಜುವಾತು, ಇವು ಮೊದಲು ಬರಬೇಕು. ನವೀಕರಣದ ದಿನ ಹತ್ತಿರ ಬಂದಾಗ ಬಾಕಿ ತೀರಿಸುವ ಗುತ್ತಿಗೆದಾರ ಕೆಲಸಗಾರರನ್ನು ಬೀದಿಗೆ ತಳ್ಳುವುದಿಲ್ಲ, ಲೆಕ್ಕ ಚುಕ್ತಾ ಮಾಡುತ್ತಾನೆ. ಪ್ರಾಮಾಣಿಕ ಗುತ್ತಿಗೆದಾರನಿಗೂ ಇದರಿಂದ ಲಾಭ, ಕೂಲಿ ನುಂಗಿ ಕಡಿಮೆ ಟೆಂಡರ್ ಹಾಕುವವನ ಎದುರು ಅವನು ಸೋಲುವುದು ತಪ್ಪುತ್ತದೆ. ಮೂರನೆಯದು ವಲಸಿಗರ ಭಯ. ಕೂಲಿಯ ದೂರೂ ಪರವಾನಗಿಯ ಕಡತವೂ ಒಂದೇ ಕಚೇರಿಯಲ್ಲಿದ್ದರೆ ಕಾಗದಪತ್ರ ಸರಿಯಿಲ್ಲದವರು ಎರಡರ ಹತ್ತಿರವೂ ಸುಳಿಯುವುದಿಲ್ಲ. ಕ್ಯಾಲಿಫೋರ್ನಿಯಾ ಇದಕ್ಕೆ ಕಂಡುಕೊಂಡ ಉತ್ತರ ನೇರವಾದದ್ದು. ದುಡಿದ ಕೂಲಿಯ ಹಕ್ಕಿಗೂ ವಲಸೆಯ ಸ್ಥಿತಿಗೂ ಸಂಬಂಧವಿಲ್ಲ ಎಂದು ಕಾರ್ಮಿಕ ಸಂಹಿತೆಯಲ್ಲೇ ಬರೆಯಿತು. 2014ರ ಕಾನೂನಿನಿಂದ, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರೂ ತೆರಿಗೆಯ ಗುರುತಿನ ಸಂಖ್ಯೆಯ ಮೇಲೆ ವೃತ್ತಿ ಪರವಾನಗಿಗೆ ಅರ್ಜಿ ಹಾಕಲು ದಾರಿ ಮಾಡಿತು. ಈ ಎರಡು ರಕ್ಷಣೆ ಇಲ್ಲದ ರಾಜ್ಯ ಇಲಾಖೆಗಳನ್ನು ಒಂದುಗೂಡಿಸಿದರೆ ಅದು ಬಡವರಿಗೆ ಬಲೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಇಲಿನಾಯ್, ಪೆನ್ಸಿಲ್ವೇನಿಯಾದಂಥ ಕಡೆ ಎಲೆಕ್ಟ್ರಿಷಿಯನ್‌ಗೆ ರಾಜ್ಯಮಟ್ಟದ ಪರವಾನಗಿಯೇ ಇಲ್ಲ, ಅದು ಊರೂರಿಗೆ ಬಿಟ್ಟ ವಿಷಯ. ಅಲ್ಲಿ ಈ ಗಂಟನ್ನು ರಾಜ್ಯಮಟ್ಟದಲ್ಲಿ ಹಾಕಲು ಹಿಡಿಯೇ ಇಲ್ಲ.

ಇದೆಲ್ಲ ಕರ್ನಾಟಕದಲ್ಲಿ ಕೂತು ಓದುವವರಿಗೆ ದೂರದ ಮಾತೆನಿಸಬಹುದು. ಆದರೆ ಕ್ಯಾಲಿಫೋರ್ನಿಯಾ 2018ರಲ್ಲಿ, ಮಿನ್ನೆಸೋಟ 2023ರಲ್ಲಿ ತಲುಪಿದ ಜಾಗಕ್ಕೆ ಭಾರತದ ಕಾನೂನು 1970ರಲ್ಲೇ ಹೋಗಿತ್ತು. ಆ ವರ್ಷದ ಗುತ್ತಿಗೆ ಕಾರ್ಮಿಕರ ಕಾಯ್ದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಟ್ಟು ಅವನಿಂದ ವಸೂಲಿ ಮಾಡಿಕೊಳ್ಳಬೇಕು ಎಂದಿತು. ಗುತ್ತಿಗೆದಾರನಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಷರತ್ತು ಮೀರಿದರೆ ರದ್ದು ಮಾಡುವ ಅಧಿಕಾರ ಕೊಟ್ಟಿತು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕೂಲಿ ಬಟವಾಡೆಯಾಗುವಾಗ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು, ಇಷ್ಟು ಹಣ ಇವರ ಕೈ ಸೇರಿತು ಎಂದು ದೃಢೀಕರಿಸಬೇಕು ಎಂದೂ ಬರೆಯಿತು. ನಾನು ನೋಡಿದ ಅಮೆರಿಕದ ಕಾನೂನುಗಳಲ್ಲಿ ಇಷ್ಟು ಖಚಿತವಾದ ಮಾತು ಇಲ್ಲ. ಹಾಗಿದ್ದೂ ಅದು ಕಾಗದದಲ್ಲಿ ಉಳಿಯಲು ಕಾರಣ ಹುಡುಕಬೇಕಾಗಿಲ್ಲ. ಇಪ್ಪತ್ತು ಜನರಿಗಿಂತ ಕಡಿಮೆ ಇಟ್ಟುಕೊಂಡ ಗುತ್ತಿಗೆದಾರನಿಗೆ ಅದು ಅನ್ವಯಿಸುತ್ತಿರಲಿಲ್ಲ, ಅದರ ಜಾಗಕ್ಕೆ ಈಚೆಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ ಐವತ್ತಕ್ಕೆ ಏರಿದೆ. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಸೈಟಿನಲ್ಲಿ ವೈರಿಂಗ್ ಮಾಡುವ ತಂಡ ಒಬ್ಬ ಮೇಸ್ತ್ರಿ, ಏಳೆಂಟು ಹುಡುಗರು. ಎರಡೂ ಮಿತಿಗಳ ಕೆಳಗೆ ಆ ತಂಡ ಸಲೀಸಾಗಿ ನುಸುಳುತ್ತದೆ.

ವಿದ್ಯುತ್ತಿನ ಕಡೆ ನಮ್ಮ ನಿಯಮ ಇನ್ನೂ ಹಳೆಯದು. ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ, ಅರ್ಹತಾ ಪತ್ರವಿರುವ ಮೇಲ್ವಿಚಾರಕನ ಕೈಕೆಳಗೆ, ಪರ್ಮಿಟ್ ಇರುವ ವೈರ್‌ಮನ್ನನಿಂದಲೇ ಕೆಲಸ ಆಗಬೇಕು ಎಂಬುದು 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಮತ್ತು 2023ರ ಸುರಕ್ಷತಾ ನಿಯಮಗಳಲ್ಲೂ ಮುಂದುವರಿದಿದೆ. ಕರ್ನಾಟಕದಲ್ಲಿ ಈ ಪರ್ಮಿಟ್, ಲೈಸೆನ್ಸುಗಳನ್ನು ಕೊಡುವುದು ಇಂಧನ ಇಲಾಖೆಯ ವಿದ್ಯುತ್ ಪರಿವೀಕ್ಷಣಾಲಯ. ಕೂಲಿ ನೋಡುವುದು ಕಾರ್ಮಿಕ ಇಲಾಖೆ. ಅದೇ ವೈರ್‌ಮನ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ತರಬೇಕು, ಅದು ಮೂರನೆಯ ಕಿಟಕಿ. ಒಬ್ಬನೇ ಮನುಷ್ಯನ ಅದೇ ದುಡಿಮೆಯನ್ನು ಮೂರು ಕಡೆ ಮೂರು ರೂಪದಲ್ಲಿ ಬರೆದಿಡಲಾಗುತ್ತದೆ, ಒಂದು ಕಡತಕ್ಕೆ ಇನ್ನೊಂದರ ಪರಿಚಯವಿಲ್ಲ. ದೇಶದಲ್ಲಿ ಈಚಿನ ವರ್ಷಗಳಲ್ಲಿ ವಿದ್ಯುತ್ ತಗುಲಿ ವರ್ಷಕ್ಕೆ 12,000ಕ್ಕೂ ಹೆಚ್ಚು ಜನ ಸಾಯುತ್ತಿರುವುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರಂ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಒಂಬತ್ತು ತಿಂಗಳ ಮಗು ಸತ್ತಾಗ ಅಧಿಕಾರಿಗಳ ಅಮಾನತು ನಡೆಯಿತು, ತನಿಖೆ ನಡೆಯಿತು. ಅಂಥ ಸಾವುಗಳಿಗೆಲ್ಲ ಪರ್ಮಿಟ್ಟಿನ ಕೊರತೆಯೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ, ಹೆಚ್ಚಿನವು ವಿತರಣಾ ತಂತಿಗಳ ನಿರ್ವಹಣೆಯ ಪ್ರಶ್ನೆ. ಆದರೆ ಯಾರು, ಯಾರ ಮೇಲ್ವಿಚಾರಣೆಯಲ್ಲಿ, ಯಾವ ದಿನ ಕೆಲಸ ಮಾಡಿದರು ಎಂಬ ದಾಖಲೆ ಮೊದಲೇ ಇಲ್ಲದಿದ್ದರೆ ತನಿಖೆ ಊಹೆಯಿಂದ ಶುರುವಾಗುತ್ತದೆ. ಕೂಲಿಯ ದೂರಿನ ವಿಚಾರಣೆಯೂ ಅಲ್ಲಿಂದಲೇ ಶುರುವಾಗುತ್ತದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ತಪಾಸಣಾಧಿಕಾರಿ ಈಗ ಸಲಹೆಗಾರನೂ ಹೌದು, ಮೊಕದ್ದಮೆಗೆ ಮುಂಚೆ ಸರಿಪಡಿಸಿಕೊಳ್ಳಲು ಮಾಲೀಕನಿಗೆ ಅವಕಾಶ ಕೊಡಬೇಕು. 1947ರ ಅಂತರರಾಷ್ಟ್ರೀಯ ಕಾರ್ಮಿಕ ತಪಾಸಣಾ ಒಡಂಬಡಿಕೆಗೆ ಎರಡೇ ವರ್ಷದಲ್ಲಿ ಅನುಮೋದನೆ ಕೊಟ್ಟ ದೇಶ ಇದು, ಹಾಗಾಗಿ ತಪಾಸಣೆಯ ಮೊನೆ ಮೊಂಡಾಗುತ್ತದೆ ಎಂಬ ಕಾರ್ಮಿಕ ಸಂಘಗಳ ಆತಂಕವನ್ನು ನಾನು ಹಂಚಿಕೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದ 2024ರ ರಿಯಾಯಿತಿಗೂ ಇದಕ್ಕೂ ವ್ಯತ್ಯಾಸವಿದೆ: ಅಲ್ಲಿ ದಂಡ ಎಲ್ಲಕ್ಕಿಂತ ಹೆಚ್ಚು ಇಳಿಯುವುದು ತಾನಾಗಿ ಮೊದಲೇ ಲೆಕ್ಕ ತೆರೆದಿಟ್ಟವನಿಗೆ, ಇಲ್ಲಿ ಸಿಕ್ಕಿಬಿದ್ದವನಿಗೂ ಒಂದು ಅವಕಾಶ. ಅದೇ ಸಂಹಿತೆಗಳಲ್ಲಿ ಒಂದು ಒಳ್ಳೆಯ ಎಳೆಯೂ ಇದೆ. ಗುತ್ತಿಗೆ ಕೂಲಿ ಬ್ಯಾಂಕ್ ಅಥವಾ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಹೋಗಬೇಕು, ಮೂಲ ಮಾಲೀಕನಿಗೂ ಅದೇ ಮಾರ್ಗದಲ್ಲಿ ತಿಳಿಯಬೇಕು. ಕರ್ನಾಟಕ ತನ್ನ ನಿಯಮಗಳನ್ನು ರೂಪಿಸುವಾಗ ಈ ಎಳೆಯನ್ನು ವಿದ್ಯುತ್ ಗುತ್ತಿಗೆದಾರನ ಲೈಸೆನ್ಸಿನವರೆಗೆ ಎಳೆಯಬಹುದು. ನವೀಕರಣದ ಅರ್ಜಿಯಲ್ಲಿ ಹಿಂದಿನ ಅವಧಿಯಲ್ಲಿ ದುಡಿದ ವೈರ್‌ಮನ್, ಸಹಾಯಕರ ಹೆಸರು, ದುಡಿದ ದಿನ, ಬ್ಯಾಂಕಿಗೆ ಹೋದ ಕೂಲಿ ಇಷ್ಟನ್ನು ಕೇಳಿ, ತಂಡದಲ್ಲಿ ಎಂಟೇ ಜನರಿದ್ದರೂ ಅದನ್ನು ಕಡ್ಡಾಯ ಮಾಡಿ, ಅದೇ ಪಟ್ಟಿಯನ್ನು ಕಾರ್ಮಿಕ ಇಲಾಖೆಗೂ ಕಲ್ಯಾಣ ಮಂಡಳಿಗೂ ಕಳಿಸಿದರೆ, ಮೇಸ್ತ್ರಿಯ ಕೈಕೆಳಗೆ ನಾಲ್ಕು ವರ್ಷ ಕಲಿತ ಹುಡುಗ ಪರ್ಮಿಟ್ ಕೇಳಲು ಹೋದ ದಿನ ಅವನ ಅನುಭವದ ದಾಖಲೆ ಪರಿವೀಕ್ಷಣಾಲಯದಲ್ಲಿ ಆಗಲೇ ಇರುತ್ತದೆ, ಅದಕ್ಕಾಗಿ ಅವನು ಮೇಸ್ತ್ರಿಯ ಮನೆ ಬಾಗಿಲು ಕಾಯಬೇಕಾಗುವುದಿಲ್ಲ.